ಗೋಡೆಯ ಪಕ್ಕ ನಡೆಯುವ ಕರಡಿ: ಕಾಡುಪ್ರಾಣಿಗಳನ್ನು ಮೃಗಾಲಯದಲ್ಲಿ ಇಡುವುದು ಸರಿಯೇ?

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಕರಡಿ ಗೋಡೆಯ ಪಕ್ಕದಲ್ಲಿ ಒಂದೇ ದಾರಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇತ್ತು. "ಅದು ಏನನ್ನ ಹುಡುಕ್ತಿದೆ?" ಎಂದು ಮಗಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಕಾಡುಪ್ರಾಣಿಗಳನ್ನು ಹೀಗೆ ಇಟ್ಟುಕೊಳ್ಳುವುದು ಸರಿಯೇ? ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳನ್ನು ಮೃಗಾಲಯಗಳೇ ಉಳಿಸುತ್ತಿವೆ ಎನ್ನುತ್ತಾರೆ, ಅದರಲ್ಲಿ ನಿಜವೆಷ್ಟು? ಇನ್ನು ಮುಂದೆ ನಾವು ಹೋಗಬೇಕೋ ಬೇಡವೋ?

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ. ಆ ಕರಡಿ ಬಹುಶಃ ಏನನ್ನೂ ಹುಡುಕುತ್ತಿರಲಿಲ್ಲ. ಹುಡುಕಲು ಏನೂ ಇಲ್ಲದ್ದರಿಂದಲೇ ನಡೆಯುತ್ತಿತ್ತು. ಕಾಡಿನ ಕರಡಿಗೆ ಎಚ್ಚರವಿರುವ ಹೊತ್ತಿನ ಬಹುಪಾಲು ಮೂಸುವುದು, ಕೆದಕುವುದು, ಕಲ್ಲು ಮಗುಚುವುದು, ಹಣ್ಣು ಬಿಟ್ಟ ಪೊದೆಯಿಂದ ಪೊದೆಗೆ ಅಲೆಯುವುದರಲ್ಲೇ ಕಳೆಯುತ್ತದೆ. ಅಷ್ಟೇ ಆಹಾರ ಒಂದು ತಟ್ಟೆಯಲ್ಲಿ ಬಂದರೆ ಕೆಲವೇ ನಿಮಿಷಗಳಲ್ಲಿ ಖಾಲಿ. ಹೊಟ್ಟೆಯೇನೋ ತುಂಬಿತು, ಆದರೆ ಅರಸುವ ತುಡಿತ ತಣಿಯಲಿಲ್ಲ. ಅದು ಕಾಲಿಗಿಳಿಯುತ್ತದೆ.

ಇದನ್ನು ಸ್ಟೀರಿಯೋಟೈಪಿ ಎನ್ನುತ್ತಾರೆ: ಗುರಿಯಿಲ್ಲದೆ, ಒಂದೇ ಅಚ್ಚಿನಲ್ಲಿ, ಮತ್ತೆ ಮತ್ತೆ ಮಾಡುವ ಚಲನೆ. ಆನೆಯಲ್ಲಿ ನಿಂತಲ್ಲೇ ತೂಗುವುದು, ಜಿರಾಫೆಯಲ್ಲಿ ಕಂಬಿಯನ್ನೋ ಗೋಡೆಯನ್ನೋ ನೆಕ್ಕುತ್ತಲೇ ಇರುವುದು, ಕರಡಿ ಮತ್ತು ದೊಡ್ಡ ಬೆಕ್ಕುಗಳಲ್ಲಿ ಅತ್ತಿಂದಿತ್ತ ನಡೆಯುವುದು. ಹತ್ತಿರದಿಂದ ನೋಡಿದರೆ ಸುಲಭವಾಗಿ ಗುರುತು ಸಿಗುತ್ತದೆ. ಪ್ರಾಣಿ ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಕಾಲೂರಿ ತಿರುಗುತ್ತದೆ, ತಿರುಗುವಾಗ ಕತ್ತನ್ನು ಒಂದೇ ರೀತಿ ಮೇಲಕ್ಕೆಸೆಯುತ್ತದೆ. ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ಹುಲ್ಲು ಸತ್ತು, ಒಂದು ಅಡಿ ಅಗಲದ ದಾರಿ ನುಣ್ಣಗಾಗಿರುತ್ತದೆ. ಪ್ರಾಣಿ ಒಳಗೆ ಮಲಗಿದ್ದರೂ ಆ ದಾರಿ ಕಣ್ಣಿಗೆ ಬೀಳುತ್ತದೆ.

ಆದರೆ ಒಂದು ಎಚ್ಚರ ಬೇಕು. ನಡೆಯುತ್ತಿರುವ ಪ್ರಾಣಿಯೆಲ್ಲ ಈ ಕ್ಷಣದಲ್ಲಿ ನರಳುತ್ತಿದೆ ಎನ್ನಲಾಗದು. ಊಟದ ಹೊತ್ತು ಹತ್ತಿರವಾದಾಗ ಈ ನಡಿಗೆ ಹೆಚ್ಚುತ್ತದೆ. ಅಲ್ಲದೆ ಚಿಕ್ಕಂದಿನಲ್ಲಿ ಬರಡು ಪಂಜರದಲ್ಲಿ ಬೆಳೆದ ಪ್ರಾಣಿಗೆ ಆಮೇಲೆ ಎಷ್ಟೇ ಒಳ್ಳೆಯ ಆವರಣ ಕೊಟ್ಟರೂ ಆ ಚಾಳಿ ಹಳೆಯ ಗಾಯದ ಕಲೆಯಂತೆ ಉಳಿದುಬಿಡಬಹುದು. ಹಾಗಾಗಿ ಒಂದು ಪ್ರಾಣಿಯನ್ನು ನೋಡಿ ಇಡೀ ಮೃಗಾಲಯಕ್ಕೆ ತೀರ್ಪು ಕೊಡಬಾರದು. ಹಾಗೆಂದು "ಅದಕ್ಕೆ ಅಭ್ಯಾಸ ಬಿಡಿ" ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಲೂಬಾರದು.

ಈಗ ನಿಮ್ಮ ದೊಡ್ಡ ಪ್ರಶ್ನೆ. "ಮೃಗಾಲಯ ಸರಿಯೋ ತಪ್ಪೋ" ಎಂದು ಒಟ್ಟಾಗಿ ಕೇಳಿದರೆ ಪ್ರಾಮಾಣಿಕ ಉತ್ತರ ಸಿಗುವುದಿಲ್ಲ. ಒಂದು ಬಸವನಹುಳುವನ್ನು ಇಡುವುದೂ ಒಂದು ಆನೆಯನ್ನು ಇಡುವುದೂ ಒಂದೇ ಕೃತ್ಯವಲ್ಲ. ಕೇಳಬೇಕಾದದ್ದು ಪ್ರಾಣಿಯ ಹೆಸರು ಹಿಡಿದು: ಈ ಪ್ರಾಣಿ ಇಲ್ಲಿ ಯಾರಿಗಾಗಿ ಇದೆ, ಮತ್ತು ದಿನದ 24 ಗಂಟೆಯೂ ಅದರ ಬದುಕು ಹೇಗಿದೆ? ಹೀಗೆ ಕೇಳುತ್ತಾ ಹೋದರೆ ಕೆಲವು ಪ್ರಾಣಿಗಳನ್ನು ಇಡುವುದಕ್ಕೆ ಗಟ್ಟಿಯಾದ ಸಮರ್ಥನೆ ಸಿಗುತ್ತದೆ, ಕೆಲವಕ್ಕೆ ಸಿಗುವುದೇ ಇಲ್ಲ. ತೊಂದರೆ ಎಂದರೆ ಸಮರ್ಥನೆ ಇಲ್ಲದವುಗಳೇ ಹೆಚ್ಚು ಜನರನ್ನು ಸೆಳೆಯುತ್ತವೆ.

2003ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕಿಯರು ಬಂಧನದಲ್ಲಿರುವ ಮಾಂಸಾಹಾರಿ ಪ್ರಾಣಿಗಳ ದತ್ತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಯಾವ ಜಾತಿಗಳಲ್ಲಿ ಅತ್ತಿಂದಿತ್ತ ನಡೆಯುವ ಚಾಳಿ ಹೆಚ್ಚು, ಮರಿಗಳ ಸಾವು ಹೆಚ್ಚು ಎಂಬುದನ್ನು ಬೇಟೆಯ ಸ್ವಭಾವ ವಿವರಿಸಲಿಲ್ಲ. ಕಾಡಿನಲ್ಲಿ ಆ ಜಾತಿ ಎಷ್ಟು ದೂರ ಅಲೆಯುತ್ತದೆ ಎಂಬುದು ವಿವರಿಸಿತು. ಹಿಮಕರಡಿಗೆ ಸಾಮಾನ್ಯವಾಗಿ ಸಿಗುವ ಆವರಣ, ಅದರ ಸಹಜ ಸಂಚಾರ ಪ್ರದೇಶದ ಸುಮಾರು ಹತ್ತು ಲಕ್ಷದಲ್ಲಿ ಒಂದು ಭಾಗ. ಆವರಣವನ್ನು ಎರಡು ಪಟ್ಟು ಮಾಡಿದರೂ ಹತ್ತು ಪಟ್ಟು ಮಾಡಿದರೂ ಆ ಲೆಕ್ಕ ಹೆಚ್ಚೇನೂ ಬದಲಾಗದು. ಇಂಥ ಜಾತಿಗಳ ವಿಷಯದಲ್ಲಿ "ಇನ್ನಷ್ಟು ಸುಧಾರಿಸುತ್ತೇವೆ" ಎಂಬ ಮಾತಿಗಿಂತ "ಇನ್ನು ಇಡುವುದಿಲ್ಲ" ಎಂಬ ಮಾತೇ ನ್ಯಾಯವಾದದ್ದು.

ಆನೆಯದು ಇನ್ನೂ ಕಠಿಣವಾದ ಕಥೆ. 2008ರಲ್ಲಿ ಪ್ರಕಟವಾದ, 4,500ಕ್ಕೂ ಹೆಚ್ಚು ಆನೆಗಳ ಲೆಕ್ಕ ಹಿಡಿದ ಅಧ್ಯಯನದ ಪ್ರಕಾರ ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಆಫ್ರಿಕನ್ ಹೆಣ್ಣಾನೆಯ ಮಧ್ಯಮ ಆಯಸ್ಸು (ಅರ್ಧದಷ್ಟು ಆನೆಗಳು ಸಾಯುವ ಹೊತ್ತಿನ ವಯಸ್ಸು) 16.9 ವರ್ಷ. ಕೀನ್ಯಾದ ಅಂಬೋಸೆಲಿಯಲ್ಲಿ ಮನುಷ್ಯರಿಂದಾದ ಸಾವುಗಳನ್ನು ಬಿಟ್ಟರೆ 56 ವರ್ಷ, ಸೇರಿಸಿದರೂ 35.9. ಮೃಗಾಲಯದಲ್ಲಿ ಹುಟ್ಟಿದ ಏಷ್ಯಾದ ಆನೆಗೆ 18.9, ಮ್ಯಾನ್ಮಾರಿನಲ್ಲಿ ಮರ ಎಳೆಯುವ ಆನೆಗಳಲ್ಲಿ 41.7. ಆಮೇಲೆ ಆರೈಕೆ ಸುಧಾರಿಸಿದೆ ಎಂಬ ವಾದದಲ್ಲಿ ಹುರುಳಿದೆ. ಆಫ್ರಿಕನ್ ಆನೆಗಳ ಬಾಳಿಕೆ ಕಾಲಕ್ರಮದಲ್ಲಿ ಉತ್ತಮವಾದದ್ದನ್ನು ಅದೇ ಅಧ್ಯಯನ ಗುರುತಿಸಿತ್ತು. ಆದರೂ ದಿನವಿಡೀ ದಿಮ್ಮಿ ಎಳೆಯುವ ಆನೆ, ಹೊಟ್ಟೆ ತುಂಬ ಮೇವೂ ವೈದ್ಯರೂ ಇರುವ ಆನೆಗಿಂತ ಎರಡು ಪಟ್ಟು ಬದುಕುತ್ತದೆ ಎಂದರೆ, ಆವರಣದೊಳಗೆ ಏನೋ ಮೂಲಭೂತವಾದದ್ದು ಇಲ್ಲವೆಂದೇ ಅರ್ಥ. ಬೊಜ್ಜು, ಪಾದದ ಕೀವು, ಕೀಲುನೋವು, ಅಕ್ಕತಂಗಿಯರಿಂದ ಬೇರೆಮಾಡಿ ಊರೂರಿಗೆ ಸಾಗಿಸುವುದು, ಎಲ್ಲವೂ ಅದರಲ್ಲಿ ಸೇರಿವೆ.

ಇಲ್ಲಿ ರಾತ್ರಿಯ ಮಾತು ಬರಬೇಕು. ಮೃಗಾಲಯದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಇದೇ ಬಿಟ್ಟುಹೋಗುವುದು. ಜನರಿಗೆ ತೆರೆದಿರುವುದು ಎಂಟು ಗಂಟೆ ಎಂದಿಟ್ಟುಕೊಳ್ಳಿ. ಉಳಿದ 16 ಗಂಟೆ ಪ್ರಾಣಿ ಎಲ್ಲಿರುತ್ತದೆ? ಎಷ್ಟೋ ಕಡೆ ನೀವು ನೋಡುವ ಹಸಿರು ಆವರಣ ಹಗಲಿನ ವೇದಿಕೆ ಮಾತ್ರ. ಸಂಜೆ ಗೇಟು ಮುಚ್ಚುವ ಹೊತ್ತಿಗೆ ಹಿಂದಿನ ಕೋಣೆಗೆ ಅಟ್ಟಿ ಬೀಗ ಹಾಕುತ್ತಾರೆ. ಬೋಟ್ಸ್ವಾನಾದಲ್ಲಿ ಎರಡು ಕಾಡಾನೆಗಳಿಗೆ ಉಪಕರಣ ಕಟ್ಟಿ ನೋಡಿದಾಗ ಅವು ನಿದ್ದೆ ಮಾಡಿದ್ದು ದಿನಕ್ಕೆ ಸರಾಸರಿ ಎರಡು ಗಂಟೆ. ಅಂದರೆ ಕಾಂಕ್ರೀಟ್ ಕೋಣೆಯ ಆ ರಾತ್ರಿಯ ಹೆಚ್ಚಿನ ಪಾಲನ್ನು ಆನೆ ಎಚ್ಚರವಾಗಿ, ನಿಂತೇ ಕಳೆಯುತ್ತದೆ. ಗಟ್ಟಿ ನೆಲದ ಮೇಲೆ ಟನ್‌ಗಟ್ಟಲೆ ಭಾರ ಹೊತ್ತು, ತನ್ನದೇ ಮೂತ್ರದ ತೇವದಲ್ಲಿ ನಿಂತ ಪಾದಕ್ಕೆ ಸೋಂಕು ತಗಲದೆ ಇರುವುದು ಹೇಗೆ? ಪರಿಹಾರ ಗೊತ್ತಿರುವಂಥದ್ದೇ: ನೀರು ಇಂಗುವ ದಪ್ಪ ಮರಳು ಹಾಸು, ಒಂದು ಮೂಲೆಯಲ್ಲಿ ಮರಳ ದಿಬ್ಬ (ಏಳಲು ಕಷ್ಟಪಡುವ ಮುದಿ ಆನೆಗಳು ಅದಕ್ಕೆ ಒರಗಿ ಮಲಗುತ್ತವೆ), ಎತ್ತರದಲ್ಲಿ ತೂಗುಹಾಕಿದ, ಹೊತ್ತು ಹೊತ್ತಿಗೆ ತಾನೇ ತೆರೆದುಕೊಳ್ಳುವ ಮೇವಿನ ಬಲೆ, ಹವಾಮಾನ ಅನುಮತಿಸಿದಾಗಲೆಲ್ಲ ಹೊರಗೆ ಹೋಗಲು ರಾತ್ರಿಯೂ ತೆರೆದಿರುವ ಬಾಗಿಲು. ಇಷ್ಟನ್ನೂ ಮಾಡಲಾಗದ ಸಂಸ್ಥೆ ಆನೆ ಇಟ್ಟುಕೊಳ್ಳಬಾರದು.

"ಕಾಡಿನಲ್ಲಿ ಪ್ರಾಣಿ ಸ್ವತಂತ್ರವೇ? ಅಲ್ಲಿ ಹಸಿವು, ರೋಗ, ಬೇಟೆಗಾರ ಎಲ್ಲ ಇಲ್ಲವೇ?" ಎಂದು ಮೃಗಾಲಯದವರು ಕೇಳುತ್ತಾರೆ. ಮೃಗಾಲಯ ಜೀವಶಾಸ್ತ್ರಕ್ಕೆ ಅಡಿಪಾಯ ಹಾಕಿದ ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ 1940ರ ದಶಕದಲ್ಲೇ ಈ ವಾದ ಮುಂದಿಟ್ಟಿದ್ದರು: ಕಾಡುಪ್ರಾಣಿಯೂ ತನ್ನ ಗಡಿ, ತನ್ನ ದಾರಿ, ತನ್ನ ಹೊತ್ತುಗಳಿಗೆ ಕಟ್ಟುಬಿದ್ದದ್ದು, ಜಾಗ ಎಷ್ಟಿದೆ ಎಂಬುದಕ್ಕಿಂತ ಅದರಲ್ಲಿ ಏನಿದೆ ಎಂಬುದು ಮುಖ್ಯ. ಮಾತು ನಿಜ. ಆದರೆ ಅದೇ ಹೆಡಿಗರ್ ಕೊಟ್ಟ ಇನ್ನೊಂದು ಅಳತೆಯನ್ನು ಮರೆಯುತ್ತಾರೆ, ಪಲಾಯನ ದೂರ. ಅಪಾಯ ಎಷ್ಟು ಹತ್ತಿರ ಬಂದರೆ ಪ್ರಾಣಿ ಓಡುತ್ತದೆ ಎಂಬ ಅಂತರವದು. ನಾಲ್ಕೂ ಕಡೆಯಿಂದ ಜನ ನೋಡುವ ಆವರಣದ ಅಗಲ ಈ ಅಂತರದ ಎರಡು ಪಟ್ಟಿಗಿಂತ ಕಡಿಮೆಯಾದರೆ, ಜನರಿಂದ ದೂರ ಎನ್ನಬಹುದಾದ ಒಂದು ಬಿಂದುವೂ ಅದರೊಳಗೆ ಇರುವುದಿಲ್ಲ. ಕಾಡಿನಲ್ಲಿ ಅಪಾಯವಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಹೋಗುವ ಆಯ್ಕೆಯಿದೆ. ಒಳ್ಳೆಯ ಆವರಣ ಎಂದರೆ ಆ ಆಯ್ಕೆಯನ್ನು ಎಷ್ಟು ಬಗೆಯಲ್ಲಿ ಮರಳಿಸಿದ್ದಾರೆ ಎಂಬುದು: ಬಿಸಿಲೋ ನೆರಳೋ, ಒಳಗೋ ಹೊರಗೋ, ಜೊತೆಯಲ್ಲೋ ಒಂಟಿಯಾಗೋ, ಕಾಣುವಂತೆಯೋ ಮರೆಯಲ್ಲೋ.

ಹೊರನೋಟಕ್ಕೆ ಮರುಳಾಗಬೇಡಿ. 1907ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ ಕಂಬಿ ತೆಗೆದು ಕಂದಕ ತೋಡಿದ ಮೇಲೆ ಮೃಗಾಲಯಗಳ ರೂಪವೇ ಬದಲಾಯಿತು. ಆದರೆ ಆ ಬದಲಾವಣೆಯಲ್ಲಿ ಮೊದಲ ಲಾಭ ನೋಡುವವರ ಕಣ್ಣಿನದು. ಇವತ್ತಿಗೂ ಎಷ್ಟೋ ಆವರಣಗಳಲ್ಲಿ ಮರ, ಪೊದೆ, ಹುಲ್ಲಿನ ದಿಬ್ಬಗಳ ಸುತ್ತ ಸಣ್ಣ ವಿದ್ಯುತ್ ತಂತಿ ಎಳೆದಿರುತ್ತಾರೆ, ಪ್ರಾಣಿ ಅವನ್ನು ಕಿತ್ತು ಹಾಳುಮಾಡದಿರಲಿ ಎಂದು. ನಿಮಗೆ ಕಾಡು ಕಾಣುತ್ತದೆ. ಪ್ರಾಣಿಗೆ ದಕ್ಕುವುದು ತಂತಿಗಳ ನಡುವೆ ಉಳಿದ ಬರಿ ನೆಲ.

ಆಹಾರದಲ್ಲಿ ಆಗುವ ತಪ್ಪುಗಳು ಜನರ ಕಣ್ಣಿಗೆ ಬೀಳುವುದಿಲ್ಲ, ಆದರೆ ಕಾಳಜಿಯ ಮಟ್ಟವನ್ನು ಅವೇ ಹೇಳುತ್ತವೆ. ಸಿಂಹ, ಹುಲಿಯ ಮರಿಗೆ ಮೂಳೆಯಿಲ್ಲದ ಮಾಂಸವನ್ನೇ ಕೊಡುತ್ತಾ ಹೋದರೆ ಎಲುಬು ಮೆದುವಾಗಿ ಬಾಗುತ್ತದೆ, ಮುರಿಯುತ್ತದೆ. ಬರಿ ಮಾಂಸದಲ್ಲಿ ಸುಣ್ಣಕ್ಕಿಂತ (ಕ್ಯಾಲ್ಸಿಯಂ) ರಂಜಕ (ಫಾಸ್ಫರಸ್) ಹಲವು ಪಟ್ಟು ಹೆಚ್ಚಿರುತ್ತದೆ, ಬೇಕಾದದ್ದು ರಂಜಕದಷ್ಟಾದರೂ ಸುಣ್ಣ. ಮೀನು ತಿನ್ನುವ ಸೀಲ್, ಪೆಂಗ್ವಿನ್‌ಗಳಿಗೆ ಶೀತಲೀಕರಿಸಿದ ಮೀನು ಕೊಡುವಾಗ ಪ್ರತಿ ಕಿಲೋಗೆ 25ರಿಂದ 30 ಮಿಲಿಗ್ರಾಂ ಥಯಾಮಿನ್ ಸೇರಿಸಬೇಕು. ಕೆಲವು ಮೀನುಗಳಲ್ಲಿರುವ ಕಿಣ್ವ ಆ ವಿಟಮಿನ್ನನ್ನು ನಾಶಮಾಡುತ್ತದೆ, ಕೊರತೆಯಾದರೆ ಪ್ರಾಣಿಗೆ ಸೆಳವು ಬರುತ್ತದೆ. ಹಲ್ಲಿ, ಆಮೆಗಳಿಗೆ ಹಾಕುವ ಅತಿನೇರಳೆ ದೀಪ ಆರು ತಿಂಗಳಿಂದ ಒಂದು ವರ್ಷದಲ್ಲಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ಆದರೆ ಬೆಳಗುವುದನ್ನು ನಿಲ್ಲಿಸುವುದಿಲ್ಲ. ದೀಪ ಉರಿಯುತ್ತಿದೆಯಲ್ಲ ಎಂದು ಬಿಟ್ಟರೆ ಅದರ ಕೆಳಗೆ ಕೂತ ಪ್ರಾಣಿಯ ಎಲುಬು ಸದ್ದಿಲ್ಲದೆ ಕರಗುತ್ತಿರುತ್ತದೆ.

ಬೇಸರ ಕಳೆಯಲು ಕೊಡುವ ಚಟುವಟಿಕೆಗಳದ್ದೂ ಇದೇ ಗತಿ. ಪ್ಲಾಸ್ಟಿಕ್ ಚೆಂಡೊಂದನ್ನು ಎಸೆದು ಮೂರು ತಿಂಗಳು ಅಲ್ಲೇ ಬಿಟ್ಟರೆ ಅದು ಕಲ್ಲಿಗೆ ಸಮ, ಕೆಲವೇ ದಿನಗಳಲ್ಲಿ ಪ್ರಾಣಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಕೆಲಸ ಮಾಡುವ ಕ್ರಮ ಬೇರೆ: ಆಹಾರವನ್ನು ಚದುರಿಸಿ, ಹೂತು, ಕೊರೆದ ದಿಮ್ಮಿಯೊಳಗೆ ತುರುಕಿ ದಿನಕ್ಕೆ ಹಲವು ಸಲ ಕೊಡುವುದು, ಬೆಕ್ಕುಗಳಿಗೆ ಚರ್ಮ ಮತ್ತು ಮೂಳೆ ಸಹಿತ ಇಡೀ ದೇಹ ಕೊಡುವುದು, ವಸ್ತುಗಳನ್ನು ತೆಗೆದು ಬದಲಿಸುತ್ತಿರುವುದು, ಪ್ರತಿಯೊಂದಕ್ಕೂ ಮೊದಲು ಮತ್ತು ನಂತರ ನಡವಳಿಕೆಯನ್ನು ಎಣಿಸಿ ಬರೆದಿಡುವುದು. ಒಂದು ಸೂಕ್ಷ್ಮವೂ ಇದೆ. ಊಟದ ಹೊತ್ತು ಬದಲಾದರೆ ಪ್ರಾಣಿ ಸಹಿಸುತ್ತದೆ. ಆದರೆ ಬೀಗದ ಕೈ ಸದ್ದು ಒಮ್ಮೆ ಊಟವನ್ನು ತಂದು, ಇನ್ನೊಮ್ಮೆ ಏನನ್ನೂ ತರದಿದ್ದರೆ ಕಳವಳ ಹೆಚ್ಚುತ್ತದೆ. ಊಟಕ್ಕೆ ಮಾತ್ರ ಮೀಸಲಾದ ಒಂದು ಸದ್ದು ಇಟ್ಟುಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಖರ್ಚಿಲ್ಲದ ಕೆಲಸ, ಆದರೆ ಗಮನ ಬೇಕು.

ಇನ್ನು ಉಳಿಸುವ ಮಾತು. ಅದು ಸುಳ್ಳಲ್ಲ. ಅರೇಬಿಯನ್ ಓರಿಕ್ಸ್ ಎಂಬ ಹುಲ್ಲೆ 1972ರ ಹೊತ್ತಿಗೆ ಕಾಡಿನಲ್ಲಿ ಮುಗಿದೇ ಹೋಗಿತ್ತು. ಸಾಕಿ ಬೆಳೆಸಿದ ಹಿಂಡಿನಿಂದ 1982ರಲ್ಲಿ ಓಮನ್‌ನ ಮರುಭೂಮಿಗೆ ಮರಳಿ ಬಿಟ್ಟರು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1987ರಲ್ಲಿ ಜಗತ್ತಿನಲ್ಲೇ 27 ಉಳಿದಿತ್ತು. ಎಲ್ಲವನ್ನೂ ಹಿಡಿದು, ಮರಿಗಳು ಮನುಷ್ಯನಿಗೆ ಅಂಟಿಕೊಳ್ಳದಿರಲೆಂದು ಹದ್ದಿನ ತಲೆಯ ಕೈಗೊಂಬೆಯಿಂದ ಗುಟುಕು ಕೊಟ್ಟು ಬೆಳೆಸಿ, 1992ರಿಂದ ಬಿಡತೊಡಗಿದರು. ಇಂದು 500ಕ್ಕೂ ಹೆಚ್ಚಿವೆ. ಮಂಗೋಲಿಯಾದ ಕಾಡುಕುದುರೆ, ಕತ್ತಿಕೊಂಬಿನ ಓರಿಕ್ಸ್, ಕರಿಪಾದದ ಫೆರೆಟ್ ಎಂಬ ಸಣ್ಣ ಮಾಂಸಾಹಾರಿ, ಇವು ಇಂದು ಇರುವುದು ಬೇಲಿಯೊಳಗೆ ಕೆಲವನ್ನು ಉಳಿಸಿಕೊಂಡದ್ದರಿಂದ.

ಆದರೆ ಅದೇ ಕಥೆಗಳ ಮುಂದಿನ ಪುಟವನ್ನೂ ಓದಬೇಕು. ಓಮನ್‌ನ ಓರಿಕ್ಸ್ ರಕ್ಷಿತ ಪ್ರದೇಶದಲ್ಲಿ 1996ರಲ್ಲಿ 450 ಇದ್ದವು. ಕಳ್ಳಬೇಟೆಯಿಂದ 65ಕ್ಕೆ ಇಳಿದವು, ಪ್ರದೇಶವನ್ನೂ ಮೊಟಕುಗೊಳಿಸಲಾಯಿತು, 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆಯಿತು. ಕಾಂಡೋರ್‌ಗಳು ಬೇಟೆಗಾರರು ಬಿಟ್ಟುಹೋದ ಕಳೇಬರದಲ್ಲಿನ ಸೀಸದ ಗುಂಡಿನ ಚೂರು ನುಂಗಿ ಇವತ್ತಿಗೂ ಸಾಯುತ್ತಿವೆ. ಬ್ರೆಜಿಲ್‌ನಲ್ಲಿ 1984ರಿಂದ ಕಾಡಿಗೆ ಬಿಟ್ಟ ಬಂಗಾರ ಬಣ್ಣದ ಸಿಂಹ ಟ್ಯಾಮರಿನ್ ಕೋತಿಗಳಲ್ಲಿ ಮೃಗಾಲಯದಲ್ಲೇ ಹುಟ್ಟಿದವು ಗಟ್ಟಿ ಕೋಲುಗಳಿಗೆ ಒಗ್ಗಿದ್ದವು. ಬಳುಕುವ ಕೊಂಬೆಯ ಮೇಲೆ ಹೇಗೆ ನಡೆಯಬೇಕೆಂದು, ತೊಗಟೆಯ ಸಂದಿಯಲ್ಲಿ ಹುಳು ಹೇಗೆ ಹುಡುಕಬೇಕೆಂದು ಅವಕ್ಕೆ ತಿಳಿದಿರಲಿಲ್ಲ. ಬಿಟ್ಟ ಮೇಲೂ ತಿಂಗಳುಗಟ್ಟಲೆ ಆಹಾರ ಒದಗಿಸಿ ಬೆನ್ನಿಗೆ ನಿಲ್ಲಬೇಕಾಯಿತು. ಕಾಡು ಉಳಿಯದೆ, ಅಳಿವಿನ ಕಾರಣ ತೊಲಗದೆ, ಮೃಗಾಲಯ ಒಂದು ಕಾಯುವ ಕೋಣೆಯಷ್ಟೇ.

ಇಲ್ಲಿಯೇ ನನ್ನ ಮುಖ್ಯ ತಕರಾರು. ಬಂಧನದಲ್ಲಿ ಇಟ್ಟು ಉಳಿಸುವುದಕ್ಕೆ ಅತ್ಯಂತ ತಕ್ಕವು ಕಪ್ಪೆ, ಬಸವನಹುಳು, ಮೀನು, ಸಣ್ಣ ಹಕ್ಕಿಗಳು. ಫ್ರೆಂಚ್ ಪಾಲಿನೇಷ್ಯಾದ ಪಾರ್ಟುಲಾ ಬಸವನಹುಳುಗಳನ್ನೇ ನೋಡಿ. 1970ರ ದಶಕದಲ್ಲಿ ಪೀಡೆ ನಿಯಂತ್ರಣಕ್ಕೆಂದು ತಂದು ಬಿಟ್ಟ ಇನ್ನೊಂದು ಬಸವನಹುಳು ಇವನ್ನು ತಿಂದು ಮುಗಿಸಿತು. ಕೆಲವೇ ಮೃಗಾಲಯಗಳು ಸಣ್ಣ ಗಾಜಿನ ಪೆಟ್ಟಿಗೆಗಳಲ್ಲಿ ತಲೆಮಾರುಗಳ ಕಾಲ ಕಾಪಾಡಿ, ಈಗ ಸಾವಿರಗಟ್ಟಲೆಯಾಗಿ ಆ ದ್ವೀಪಗಳಿಗೇ ಮರಳಿಸಿವೆ. ಎರಡು ಸೆಂಟಿಮೀಟರಿನ ಜೀವಕ್ಕೆ ಆ ಪೆಟ್ಟಿಗೆಯಲ್ಲಿ ಬೇಕಾದದ್ದೆಲ್ಲ ಕೊಡಬಹುದು, ಯಾವುದನ್ನೂ ಕಸಿದಂತಾಗದು. ಟಿಕೆಟ್ ಕೊಂಡವರು ಮಾತ್ರ ಆ ಪೆಟ್ಟಿಗೆಯ ಮುಂದೆ ನಿಲ್ಲುವುದಿಲ್ಲ, ನೇರ ಬಿಳಿಹುಲಿಯತ್ತ ಹೋಗುತ್ತಾರೆ. ಬಿಳಿಹುಲಿ ಬೇರೊಂದು ಜಾತಿಯೇ ಅಲ್ಲ. ಸೆರೆಯಲ್ಲಿರುವವು ಬಹುಪಾಲು 1951ರಲ್ಲಿ ರೇವಾದಲ್ಲಿ ಹಿಡಿದ ಒಂದು ಗಂಡುಮರಿಯ ಪೀಳಿಗೆ, ಬಣ್ಣ ಉಳಿಸಲು ಅಪ್ಪ-ಮಗಳ ನಡುವೆ, ಒಡಹುಟ್ಟಿದವುಗಳ ನಡುವೆ ಕೂಡಿಸುತ್ತಾ ಬಂದದ್ದು. ಬಣ್ಣ ಕಳೆದ ಅದೇ ವಂಶವಾಹಿ ಕಣ್ಣಿನ ನರಗಳ ಜೋಡಣೆಯನ್ನೂ ಕೆಡಿಸುವುದರಿಂದ ಹಲವಕ್ಕೆ ಮೆಳ್ಳೆಗಣ್ಣು. ಕಾಡಿಗೆ ಇದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಅಮೆರಿಕದ ಮಾನ್ಯತೆ ಪಡೆದ ಮೃಗಾಲಯಗಳ ಸಂಘ 2011ರಲ್ಲೇ ತನ್ನ ಸದಸ್ಯರಿಗೆ ಇಂಥ ಸಂತಾನೋತ್ಪತ್ತಿ ಕೂಡದು ಎಂದಿತು. ಬಿಳಿಹುಲಿಯನ್ನು ಈಗಲೂ ಮರಿಹಾಕಿಸುತ್ತಿರುವ ಕಡೆ "ಸಂರಕ್ಷಣೆ" ಎಂಬ ಪದಕ್ಕೆ ಬೆಲೆ ಕೊಡಬೇಡಿ.

ಹುಟ್ಟಿನ ಬಗ್ಗೆ ಇನ್ನೊಂದು ಮಾತು. ಮರಿ ಹುಟ್ಟಿದಾಗ ಸಂಭ್ರಮದ ಪ್ರಕಟಣೆ ಹೊರಡುತ್ತದೆ. ಜಿರಾಫೆ, ಜಿಂಕೆಗಳಲ್ಲಿ ಗಂಡು ಹೆಣ್ಣು ಸರಿಸುಮಾರು ಸಮವಾಗಿ ಹುಟ್ಟುತ್ತವೆ, ಆದರೆ ಒಂದು ಹಿಂಡಿಗೆ ಬೇಕಾದದ್ದು ಒಂದು ಗಂಡು. ಎರಡು ವರ್ಷದ ನಂತರ ಉಳಿದವು ಎಲ್ಲಿಗೆ? 2014ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ ಮಾರಿಯಸ್ ಎಂಬ ಎಳೆಯ, ಆರೋಗ್ಯವಂತ ಗಂಡು ಜಿರಾಫೆಯನ್ನು ಕೊಂದು, ಜನರ ಮುಂದೆಯೇ ಕೊಯ್ದು, ಸಿಂಹಗಳಿಗೆ ಹಾಕಿತು. ಅದರ ವಂಶವಾಹಿಗಳು ಯುರೋಪಿನ ಹಿಂಡಿನಲ್ಲಿ ಆಗಲೇ ಸಾಕಷ್ಟಿದ್ದವು ಎಂಬುದು ಅವರ ಲೆಕ್ಕ. ಜಗತ್ತು ಸಿಟ್ಟಿಗೆದ್ದಿತು. ಆದರೂ ಅವರು ಮುಚ್ಚಿಡಲಿಲ್ಲ. ಹೆಚ್ಚಾದ ಪ್ರಾಣಿಗಳನ್ನು ದಲ್ಲಾಳಿಗಳ ಕೈಗೆ ದಾಟಿಸಿ ಸುಮ್ಮನಾಗುವುದು ಅದಕ್ಕಿಂತ ಕೀಳು. ಗರ್ಭನಿರೋಧಕವೂ ಸಲೀಸಲ್ಲ: ಹಳೆಯ ಹಾರ್ಮೋನ್ ಕಸಿಗಳಿಂದ ದೊಡ್ಡ ಬೆಕ್ಕುಗಳಲ್ಲಿ ಗರ್ಭಕೋಶ, ಸ್ತನದ ಗಡ್ಡೆಗಳಾದವು, ಬಹುಕಾಲ ಗರ್ಭ ಧರಿಸದ ಆನೆ ಮುಂದೆ ಬಂಜೆಯಾಗುವುದೂ ಉಂಟು. ಕಷ್ಟದ ಆಯ್ಕೆಯೇ, ಆದರೆ ಅದನ್ನು ಮರಿ ಹುಟ್ಟುವ ಮೊದಲು ಮಾಡಬೇಕು. ಆ ಯೋಜನೆ ಇಲ್ಲದೆ ಮರಿಹಾಕಿಸುವುದು ನನ್ನ ದೃಷ್ಟಿಯಲ್ಲಿ ಪಂಜರಕ್ಕಿಂತ ದೊಡ್ಡ ಅನ್ಯಾಯ.

ಜನರು ಕಲಿಯುತ್ತಾರೆ ಎಂಬ ಸಮರ್ಥನೆ ಅಳತೆಗೆ ಸಿಕ್ಕಿದ್ದು ಸ್ವಲ್ಪ. ಹಲವು ದೇಶಗಳ ಮೃಗಾಲಯಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಜೀವವೈವಿಧ್ಯ ಎಂದರೇನು ಎಂಬುದರ ಕನಿಷ್ಠ ತಿಳಿವಳಿಕೆ ಇದ್ದವರು ಭೇಟಿಗೆ ಮೊದಲು ಶೇ 69.8, ನಂತರ ಶೇ 75.1. ಏರಿಕೆ ನಿಜ, ಒಂದು ಆನೆಯ ಜೀವಮಾನಕ್ಕೆ ಬೆಲೆಯಾಗುವಷ್ಟಲ್ಲ.

ಹಾಗಾದರೆ ನಾಳೆಯೇ ಬಾಗಿಲು ತೆರೆದು ಬಿಟ್ಟುಬಿಡಬಾರದೇ? ಆಗದು. ಬೇಲಿಯೊಳಗೆ ಹುಟ್ಟಿದ ಕರಡಿಗೆ ಮನುಷ್ಯನ ಭಯವಿಲ್ಲ, ಆಹಾರ ಹುಡುಕಲು ಬಾರದು, ರೋಗಾಣು ಹೊತ್ತೊಯ್ಯಬಹುದು, ಹೋದ ಜಾಗ ಆಗಲೇ ಇನ್ನೊಂದು ಕರಡಿಯದ್ದಾಗಿರುತ್ತದೆ. ನಡೆಯುವಂಥ ದಾರಿ ಎಂದರೆ ಮರಿಹಾಕಿಸುವುದನ್ನು ನಿಲ್ಲಿಸಿ, ಇರುವವನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳುವುದು. ಕೆನಡಾ 2019ರಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳ ವಿಷಯದಲ್ಲಿ ಇದನ್ನೇ ಕಾನೂನು ಮಾಡಿತು. ಕೋಸ್ಟರಿಕಾ 2024ರಲ್ಲಿ ತನ್ನ ಎರಡೂ ಸರ್ಕಾರಿ ಮೃಗಾಲಯಗಳನ್ನು ಮುಚ್ಚಿ ಪ್ರಾಣಿಗಳನ್ನು ಆರೈಕೆ ಕೇಂದ್ರಕ್ಕೆ ಸಾಗಿಸಿತು. ಬ್ಯೂನಸ್ ಐರಿಸ್ 2016ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಮಾರಾ ಎಂಬ ಆನೆ ಬ್ರೆಜಿಲ್‌ನ ಆಶ್ರಯಧಾಮ ಸೇರಲು 2020 ಆಗಬೇಕಾಯಿತು. ಮುಚ್ಚುವುದೂ ವರ್ಷಗಟ್ಟಲೆಯ ಕೆಲಸ.

ನೀವು ಹೋಗಬೇಕೋ ಬೇಡವೋ ಎಂಬುದಕ್ಕೆ: ಮರಿಯನ್ನು ತೊಡೆಯ ಮೇಲಿಟ್ಟು ಫೋಟೊ ತೆಗೆಸುವ, ಬಿಳಿಹುಲಿ ಮರಿಹಾಕಿಸುವ, ಪ್ರಾಣಿಯಿಂದ ಆಟ ಆಡಿಸುವ ಜಾಗಕ್ಕೆ ಕಾಲಿಡಬೇಡಿ. ಮುದ್ದಾಡಿಸುವ ಮರಿಗಳನ್ನು ಎಳೆಯದರಲ್ಲೇ ತಾಯಿಯಿಂದ ಕೀಳುತ್ತಾರೆ, ಕೆಲವೇ ತಿಂಗಳಲ್ಲಿ ಅವು ಮುಟ್ಟಲು ಅಪಾಯಕಾರಿಯಾದಾಗ ಹೊಸ ಮರಿ ಬೇಕಾಗುತ್ತದೆ. ಉಳಿದ ಕಡೆ ಹೋದರೆ ಇಪ್ಪತ್ತು ಆವರಣ ಓಡಿ ನೋಡುವ ಬದಲು ಮೂರರ ಮುಂದೆ ಇಪ್ಪತ್ತಿಪ್ಪತ್ತು ನಿಮಿಷ ನಿಲ್ಲಿ. ಮರೆಯಾಗಲು ಜಾಗವಿದೆಯೇ, ಮರ ಹತ್ತುವ ಪ್ರಾಣಿಗೆ ಎತ್ತರವಿದೆಯೇ, ಹಿಂಡಿನ ಪ್ರಾಣಿ ಒಂಟಿಯಾಗಿದೆಯೇ ನೋಡಿ. ಪ್ರಾಣಿ ಕಾಣದೆ ಇದ್ದರೆ ಬೇಸರಪಡಬೇಡಿ, ಅದು ಒಳ್ಳೆಯ ಲಕ್ಷಣವಿರಬಹುದು. ಪ್ರಾಣಿಪಾಲಕರು ಸಿಕ್ಕರೆ ಕೇಳಿ: ರಾತ್ರಿ ಇದು ಎಲ್ಲಿರುತ್ತದೆ? ಕಳೆದ ವರ್ಷ ಹುಟ್ಟಿದ ಮರಿಗಳು ಈಗ ಎಲ್ಲಿವೆ? ನಿಮ್ಮ ಹಣದಲ್ಲಿ ಎಷ್ಟು ಪಾಲು ಕಾಡಿಗೆ ಹೋಗುತ್ತದೆ? ಒಳ್ಳೆಯ ಕಡೆ ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವುದಿಲ್ಲ.

ಆ ಕರಡಿಯ ವಿಷಯದಲ್ಲಿ ನೀವಿಬ್ಬರೂ ಸೇರಿ ಒಂದು ಕೆಲಸ ಮಾಡಬಹುದು. ಗಡಿಯಾರ, ಪೆನ್ಸಿಲು ತೆಗೆದುಕೊಂಡು ಹೋಗಿ. ಅರ್ಧ ಗಂಟೆ, ಪ್ರತಿ ನಿಮಿಷಕ್ಕೊಮ್ಮೆ ಕರಡಿ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಮಗಳು ಒಂದೇ ಪದದಲ್ಲಿ ಬರೆಯಲಿ: ನಡಿಗೆ, ಮಲಗಿದೆ, ತಿನ್ನುತ್ತಿದೆ, ಮೂಸುತ್ತಿದೆ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಊಟದಿಂದ ದೂರದ ಹೊತ್ತಿನಲ್ಲಿ ಇನ್ನೊಂದು ಸಲ. ಮೂವತ್ತರಲ್ಲಿ ಹದಿನೈದು "ನಡಿಗೆ" ಬಂದು, ಅದೂ ಎರಡೂ ಹೊತ್ತು ಹಾಗೇ ಇದ್ದರೆ, ಅದು ಊಟದ ಆತುರವಲ್ಲ. ದಿನಾಂಕ, ಸಮಯ, ಎಣಿಕೆ, ಸವೆದ ದಾರಿಯ ಒಂದು ಚಿತ್ರ ಇಷ್ಟನ್ನೂ ಸೇರಿಸಿ ನಿರ್ದೇಶಕರಿಗೆ ಮತ್ತು ಪಶುವೈದ್ಯರಿಗೆ ಪತ್ರ ಬರೆಯಿರಿ. "ಪಾಪ, ಕರಡಿ ದುಃಖದಲ್ಲಿದೆ" ಎಂದು ಬರೆದ ಪತ್ರ ಕಡತ ಸೇರುತ್ತದೆ. "ಎರಡು ಹೊತ್ತಿನಲ್ಲಿ ಒಟ್ಟು ಅರುವತ್ತು ನಿಮಿಷಕ್ಕೆ ಮೂವತ್ತೊಂದು ಸಲ ನಡಿಗೆ, ಈ ಕರಡಿಗೆ ದಿನಕ್ಕೆ ಎಷ್ಟು ಸಲ ಆಹಾರ ಕೊಡುತ್ತೀರಿ, ಹೇಗೆ ಕೊಡುತ್ತೀರಿ, ರಾತ್ರಿ ಹೊರಬಾಗಿಲು ತೆರೆದಿರುತ್ತದೆಯೇ?" ಎಂದು ಕೇಳಿದ ಪತ್ರಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಎರಡು ತಿಂಗಳು ಬಿಟ್ಟು ಮತ್ತೆ ಎಣಿಸಿ.